ಎತ್ತಿದ ಕೈಯ ನಾಡಿ

"ಎತ್ತಬೇ ರಂಡೆ! ಬೋರ್ಡ್ ಮಲಗಿದ್ರ ಮಂದಿ ಏನ ನಿನ್ನ ಮಾರಿ ನೋಡಿ ಫ್ಲ್ಯಾಟ್ ತಗೋತಾರೇನ?"

ನಮ್ಮ ಬೋರ್ಡುಗಳ ಉಸ್ತುವಾರಿ ನೋಡುವ ಪ್ರಲ್ಹಾದ ಸಾಹೇಬರು ಸ್ಕೂಟರಿನಿಂದ ಇಳಿಯದೆಯೇ ಬೈದರು. ನಾನು ಎಡಗೈಯನ್ನು ಬಲಗೈಯಿಂದ ಹಿಡಿದು ಎತ್ತಿ ಬೋರ್ಡಿನ ಸರಳಿಗೆ ಸಿಕ್ಕಿಸಿದೆ. ಅವರು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರು. ಅರ್ಧ ಗಂಟೆಗೊಂದು ಫೋಟೊ ಕಂಪನಿಗೆ ಹೋಗಬೇಕು. ಅದರಲ್ಲಿ ಬೋರ್ಡು ನೆಟ್ಟಗಿರಬೇಕು. ಹೊತ್ತವರ ಮುಖ ಬೇಕಿಲ್ಲ.

ಯೆರವಡಾದ ಸಿಗ್ನಲ್ಲಿನಲ್ಲಿ ಶನಿವಾರ, ರವಿವಾರ ನಮ್ಮ ಕೆಲಸ ಇದೇ. ಶಾಲೆಯ ಚೀಲದಂತೆ ಎರಡು ಪಟ್ಟಿ ಹೆಗಲಿಗೆ ಬೀಳುತ್ತವೆ. ಬೆನ್ನಿಗೆ ಕಬ್ಬಿಣದ ಚೌಕಟ್ಟು, ತಲೆಯ ಮೇಲೆ ಆಳೆತ್ತರದ ಬೋರ್ಡು. ಬೋರ್ಡಿನಲ್ಲಿ ಈಜುಕೊಳ, ಅದರ ಕೆಳಗೆ ದಾರಿ ತೋರಿಸುವ ಬಾಣ. ಗಾಳಿಗೆ ವಾಲದಂತೆ ಹಿಡಿಯಲು ಒಂದು ಕೈ ಸದಾ ಮೇಲೆ. ಮುಂಜಾನೆ ಹತ್ತರಿಂದ ಸಂಜೆ ಆರರ ತನಕ. ಎದುರಿನ ಫುಟ್‌ಪಾತಿನಲ್ಲಿ ಅಂಬಾರಾಯಣ್ಣ ಇಂಥದ್ದೇ ಇನ್ನೊಂದನ್ನು ಹೊತ್ತು ನಿಲ್ಲುತ್ತಾನೆ. ಅಫಜಲಪುರದ ನಮ್ಮ ಕೇರಿಯವನೇ.

ಕೈ ಮೊದಲು ಜುಮುಗುಟ್ಟಿತ್ತು. ಆಮೇಲೆ ಕಿರುಬೆರಳು, ಅದರ ಪಕ್ಕದ ಬೆರಳು ಇಲ್ಲದಂತಾದವು. ಒಂದು ದಿನ ಚಹಾದ ಗ್ಲಾಸು ಹಿಡಿದು ಕುಡಿದೆ; ಮನೆಗೆ ಹೋದಮೇಲೆ ಬೆರಳಲ್ಲಿ ಗುಳ್ಳೆ ಕಂಡೆ. ಲಕ್ವಾ ಎಂದರು ಓಣಿಯ ಹೆಂಗಸರು. ಊರಿಗೆ ಹೋದಾಗ ಅಂಗೈಯ ಅಂಚಿಗೆ ಬರೆ ಹಾಕಿಸಿದರು. ಚರ್ಮ ಸುಟ್ಟ ವಾಸನೆ ಬಂತು. ನೋವು ಬರಲಿಲ್ಲ.

ಸಾಹೇಬರು ಬೈದ ಆ ವಾರವೇ ಸರಕಾರಿ ದವಾಖಾನೆಗೆ ಹೋದೆ. ಶರ್ವರಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರ್ ಬಾಯಿ ನನ್ನನ್ನು 'ಮಾವಶಿ', ಚಿಕ್ಕವ್ವ, ಎಂದು ಕರೆದು ಸ್ಟೂಲಿನ ಮೇಲೆ ಕೂರಿಸಿದಳು. ಎರಡೂ ಕೈ ಎತ್ತು, ಮುಷ್ಟಿ ಬಿಗಿ, ಬಿಡು, ಮೂರು ನಿಮಿಷ ಎಂದಳು. ಗಡಿಯಾರ ನನಗೆ ತಿಳಿಯದು. ಬಾಯೊಳಗೆ ಶಿವನ ಹೆಸರು ಎಣಿಸಿದೆ. ನೂರೆಂಟು ತುಂಬುವ ಮೊದಲೇ ಎಡಗೈ ಜೋತುಬಿತ್ತು. ಬೆರಳು ಸುಣ್ಣ ಬಳಿದಂತಿದ್ದವು.

ಆಕೆ ನನ್ನ ತೋಳನ್ನು ತಾನೇ ಎತ್ತಿ, ಮಣಿಕಟ್ಟಿನ ಮೇಲೆ ಬೆರಳಿಟ್ಟಳು. ಮೇಲೆತ್ತಿದರೆ ನಾಡಿ ಇಲ್ಲ. ಇಳಿಸಿದರೆ ಬರುತ್ತದೆ. ಮತ್ತೆ ಎತ್ತಿದಳು. ಇಲ್ಲ.

ಲಕ್ವಾ ಅಲ್ಲ ಎಂದಳು ಮರಾಠಿಯಲ್ಲಿ. ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವೆ ಒಂದು ಸಂದಿ ಇದೆಯಂತೆ. ಕೈಗೆ ಹೋಗುವ ನರ, ರಕ್ತ ಎಲ್ಲಾ ಅಲ್ಲಿಂದಲೇ ಹಾಯಬೇಕು. ಪಟ್ಟಿ ಮೇಲಿಂದ ಒತ್ತುತ್ತದೆ, ಎತ್ತಿದ ಕೈ ಆ ಸಂದಿಯನ್ನು ಮುಚ್ಚುತ್ತದೆ. ಹೆಗಲಿಗೆ ಭಾರ ಬೇಡ, ಕೈ ಭುಜದಿಂದ ಮೇಲೆ ಬೇಡ, ಹೊಟ್ಟೆಯಿಂದ ಉಸಿರಾಡು, ಬೆನ್ನಿನ ರೆಕ್ಕೆಯೆಲುಬು ಹಿಂದಕ್ಕೆ ಎಳೆ. ಎಂಟು ವಾರ ಹೀಗೆ ಮಾಡಿದರೆ ಬಹಳ ಮಂದಿಗೆ ಆಪರೇಶನ್ ಬೇಕಾಗುವುದಿಲ್ಲ. ಕೈ ಬಾತು ನೀಲಿಯಾದರೆ ಮಾತ್ರ ಓಡಿ ಬಾ. ಹಾಗೇ ಕೆಲಸ ಮಾಡಿದರೆ? ಎಂದೆ. ಕೈ ಹೋಗಬಹುದು ಎಂದು ಚೀಟಿ ಬರೆದುಕೊಟ್ಟಳು.

ಶನಿವಾರ ಬೋರ್ಡು ಹೊತ್ತುಕೊಂಡೇ ಕಾದೆ. ಸಾಹೇಬರು ಬಂದರು.

"ಸಾಹೇಬ್ರ, ಕೈ ಮ್ಯಾಲೆ ಎತ್ತಬಾರದಂದಾರ್ರಿ ಡಾಕ್ಟರ್ ಬಾಯಿ. ಎಂಟ ವಾರ ಪಾಂಪ್ಲೆಟ್ ಹಂಚೂ ಕೆಲಸ ಕೊಡ್ರಿ. ಕೈ ಕೆಳಗ ಇರ್ತದ."

"ನೀ ಪಾಂಪ್ಲೆಟ್ ಹಂಚಾಕೀ?" ನಕ್ಕರು. "ಇಸ್ಕೊಂಡಾಂವ ಮೊದಲ ಹೋಗಿ ಕೈ ತೊಳೀತಾನ. ಅದಕ್ಕ ಸುರಭಿ ಅದಾಳ. ಇಂಗ್ಲಿಷ್ ಮಾತಾಡ್ತಾಳ, ಸೆಂಟ್ ಹೊಡ್ಕೊಂಡ ಬರ್ತಾಳ."

ಚೀಟಿ ಚಾಚಿದೆ. ಕೈಗೆ ತೆಗೆದುಕೊಳ್ಳಲಿಲ್ಲ. ಹಿಂದಿನ ಸೀಟಿನ ಮೇಲೆ ಇಡು ಎಂದರು. ಇಟ್ಟೆ. ತಿರುಗಿ ಬಗ್ಗಿ ಓದಿದರು.

"ಥೊರಾಸಿಕ್ ಔಟ್‌ಲೆಟ್. ಅಬಬಬ! ಬ್ಯಾನಿಗೆ ಹೆಸರು ನಿನಕಿಂತ ದೊಡ್ಡದದ. ಕೈ ನೋಡಿದ್ರ ಕಬ್ಬಿಣ ಇದ್ದಂಗ ಅದ. ನಮ್ಮ ಕಡೀಯಾಕಿ ಅಂತ ಕೆಲಸ ಕೊಟ್ರ ನಾಟಕ ಹಚ್ಚೀಯೇನ?"

"ಎತ್ತಿದಾಗ ನಾಡಿ ಇರಂಗಿಲ್ರಿ. ಹಿಡದ ನೋಡ್ರಿ."

ಸಾಹೇಬರು ಸ್ಕೂಟರಿನಿಂದ ಇಳಿದು ಎರಡು ಹೆಜ್ಜೆ ಹಿಂದೆ ಸರಿದರು. "ದೂರ ನಿಂದ್ರ. ಏಕಾದಶಿ ಅದ ಇವತ್ತ. ಬೋರ್ಡ್ ಹೊರ್ತೀಯೋ, ಮನೀಗೆ ಹೋಗ್ತೀಯೋ? ಕೂಲಿ ನಾಕ್ಯಾದಾಗ ನಿನ್ನಂಥಾವ್ರು ಇಪ್ಪತ್ತ ಮಂದಿ ಕುಂತಾರ."

ಕೆಂಪು ಸಿಗ್ನಲ್ಲಿಗೆ ಅಂಬಾರಾಯಣ್ಣ ಬೋರ್ಡು ಸಮೇತ ರಸ್ತೆ ದಾಟಿ ಬಂದ. "ಖರೇನ ಅದರಿ ಸಾಹೇಬ್ರ. ನಾ ಹಿಡದ ನೋಡೀನ್ರಿ."

"ಯಾವಾಗಿಂದ ವೈದ್ಯ ಆದ್ಯೋ ಬೋಳಿಮಗನ? ಸತ್ತ ದನದ ಚರ್ಮಾ ಸುಲಿಯೋ ಕೈಗೆ ನಾಡಿ ಬ್ಯಾರೆ ಸಿಗ್ತದ?"

ಅಂಬಾರಾಯಣ್ಣ ತನ್ನ ಕೈ ನೋಡಿಕೊಂಡ. ಹತ್ತು ವರ್ಷದಿಂದ ಅವು ಗಟಾರ, ಗಾರೆ, ಬೋರ್ಡು ಬಿಟ್ಟು ಬೇರೆ ಏನನ್ನೂ ಮುಟ್ಟಿಲ್ಲ. ಚರ್ಮ ಸುಲಿದದ್ದು ಅವನ ಅಪ್ಪನ ಕೈ ಇರಬಹುದು.

ನಾನು ಪಟ್ಟಿ ಕಳಚಿದೆ. ಬೋರ್ಡು ಬೋರಲು ಬಿತ್ತು. ಎಡಗೈಯನ್ನು ದವಾಖಾನೆಯಲ್ಲಿ ಎತ್ತಿದಂತೆ ಎತ್ತಿದೆ. ಸಾಹೇಬರ ಕಡೆ ನಡೆದೆ. ಅವರು ಹಿಂದೆ ಹಿಂದೆ ಹೋದರು. ಅವರ ಬೆನ್ನಿಗೆ ಫುಟ್‌ಪಾತಿನ ಕಬ್ಬಿಣದ ಕಟಕಟೆ ತಾಗಿತು. ಇನ್ನು ಸರಿಯಲು ಜಾಗವಿರಲಿಲ್ಲ.

ಬಲಗೈಯಿಂದ ಅವರ ಕೈ ಹಿಡಿದೆ. ಮೆತ್ತಗಿತ್ತು, ಬೆವರಿತ್ತು. ಬೆರಳುಗಳನ್ನು ತಂದು ನನ್ನ ಎಡ ಮಣಿಕಟ್ಟಿನ ಮೇಲೆ ಒತ್ತಿದೆ.

"ಬಿಡಬೇ! ಬಿಡ ಅಂತೀನಿ!"

"ಹುಡುಕ್ರಿ," ಅಂದೆ.

ರಿಕ್ಷಾದವರು ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಸಾಹೇಬರು ಕೂಗುವುದನ್ನು ನಿಲ್ಲಿಸಿದರು. ಅವರ ಬೆರಳು ತಾವಾಗಿಯೇ ಒಮ್ಮೆ ಅತ್ತ, ಒಮ್ಮೆ ಇತ್ತ ಸರಿದವು.

"ಸಿಕ್ತೇನ್ರಿ?"

ಸಿಗ್ನಲ್ಲು ಹಸಿರಾಯಿತು, ಗಾಡಿಗಳು ಹೊರಟವು. ನನ್ನ ಅಂಗೈ ಬೆಳ್ಳಗಾಗುತ್ತಿತ್ತು. ಅವರ ಬೆರಳು ಇನ್ನೂ ಅಲ್ಲಿವೆಯೋ ಇಲ್ಲವೋ ಕೈಗೆ ಗೊತ್ತಾಗಲಿಲ್ಲ, ಕತ್ತೆತ್ತಿ ನೋಡಬೇಕಾಯಿತು.

ಇದ್ದವು. ನಾನು ಬಿಟ್ಟಿರಲಿಲ್ಲ.