ಕಲ್ಲುಜಿರಳೆಯ ಕಣ್ಣು

ಭಾವ ಅಕ್ಷರದ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಗಡಗಡನೆ ಓದಿ ಮುಗಿಸಿದರು. ಎಲ್ಲೂ ತಡವರಿಸಲಿಲ್ಲ. ಇರುವೆ ಗಾತ್ರದ ಅಕ್ಷರಗಳಿದ್ದ ಕೊನೆಯ ಸಾಲನ್ನಂತೂ ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿ, ಕಣ್ಣಿನ ಮೇಲಿಂದ ಕೈ ತೆಗೆದು, ‘ಹೇಗೆ?’ ಎನ್ನುವಂತೆ ಗಲ್ಲ ಎತ್ತಿದರು. ತೊಂದರೆ ಒಂದೇ. ಅವರು ಓದಿದ ಹಲಗೆ ಅಲ್ಲಿರಲಿಲ್ಲ. ಹಳೆಯದು ಹಳದಿಗೆ ತಿರುಗಿತೆಂದು ಕನ್ನಡಕದಂಗಡಿಯವನು ಬೆಳಿಗ್ಗೆಯಷ್ಟೇ ಅದನ್ನು ಇಳಿಸಿ, ಬೇರೆ ಅಕ್ಷರಗಳ ಹೊಸದೊಂದನ್ನು ತೂಗುಹಾಕಿದ್ದ.

ಪಕ್ಕದ ಸ್ಟೂಲಿನ ಮೇಲೆ ಅಕ್ಕ ಕೂತಿದ್ದಳು. ತನ್ನ ಕನ್ನಡಕದ ಸಡಿಲವಾದ ಕಡ್ಡಿ ಬಿಗಿ ಮಾಡಿಸಲು ಬಂದವಳು, ಹೇಗೂ ಬಂದಿದ್ದೀವಿ ಎಂದು ಗಂಡನನ್ನೂ ಕುರ್ಚಿಗೆ ಹತ್ತಿಸಿದ್ದಳು.

“ಏನೋ ಗರ ಬಡಿದೋನ ಹಾಗೆ ನಿಂತಿದೀಯ?” ಎಂದು ಅಂಗಡಿಯವನಾದ ತಮ್ಮನನ್ನು ಕೇಳಿದಳು. “ಕಣ್ಣು ಸರಿ ಇದೆಯೋ ಇಲ್ವೋ ಅಷ್ಟು ಹೇಳು. ಇಲ್ಲ ಅಂದ್ರೆ ಇವರ ಗುಡ್ಡ ಹತ್ತೋ ಶೋಕಿಗೆ ಇವತ್ತೇ ಮಂಗಳ ಹಾಡ್ತೀನಿ.”

ಅವನು ಭಾವನ ಕಡೆ ನೋಡಿದ. ಮುಖ ನಗುತ್ತಿತ್ತು. ಬೆರಳುಗಳು ಮಾತ್ರ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದವು.

“ನೂರಕ್ಕೆ ನೂರು,” ಎಂದುಬಿಟ್ಟ.

ಭಾವನ ಬೆರಳು ಸಡಿಲವಾದವು. ಅಕ್ಕನಿಗೆ ಮಾತ್ರ ನಿರಾಸೆಯಾಯಿತು.

ಗುಡ್ಡದ ಶೋಕಿ ಎಂದರೆ ಏನೆಂದು ಹೇಳಿಬಿಡಬೇಕು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಹರಿದಾಡಿಕೊಂಡಿದ್ದ ಟ್ರೈಲೋಬೈಟ್ ಎಂಬ ಜೀವಿ ಈಗ ಕಲ್ಲಿನೊಳಗೆ ಪಳೆಯುಳಿಕೆಯಾಗಿ ಸಿಗುತ್ತದೆ. ಬೆನ್ನು ಮೂರು ಪಾಲು, ಉದ್ದಕ್ಕೂ ಗೆರೆ. ಭಾವನಿಗೆ ಅದು ಪ್ರಾಣ. ಅಕ್ಕನಿಗೆ ಅದು ‘ಕಲ್ಲುಜಿರಳೆ’. “ಬದುಕಿರೋ ಜಿರಳೆ ಅಡುಗೆಮನೇಲಿ ಓಡಾಡ್ತಿದ್ರೆ ತಿರುಗಿ ನೋಡಲ್ಲ, ಸತ್ತು ಕಲ್ಲಾಗಿರೋದನ್ನ ಹುಡುಕಿಕೊಂಡು ಊರೂರು ಅಲೀತಾರೆ,” ಎಂದು ಬಂದವರೆದುರು ಮಾನ ಕಳೆಯುತ್ತಿದ್ದಳು.

ಭಾವ ರಸ್ತೆ ಇಲಾಖೆಯಲ್ಲಿ ಸರ್ವೇಯರಾಗಿ ನಿವೃತ್ತರಾದವರು. ಯಾವ ರಸ್ತೆ ಯಾವ ಗುಡ್ಡವನ್ನು ಎಲ್ಲಿ ಕೊಯ್ದಿದೆ, ಯಾವ ಹಳ್ಳ ತಿರುವಿನಲ್ಲಿ ದಡವನ್ನು ಕೊರೆದಿದೆ, ಯಾವ ಬಾವಿಯಿಂದ ಪದರ ಪದರವಾಗಿ ಏಳುವ ಕಪ್ಪು ಕಲ್ಲು ಬಂದಿತ್ತು, ಎಲ್ಲ ಅವರಿಗೆ ಅಂಗೈ ಮೇಲಿನ ಗೆರೆ. “ಜಾಗ ಹುಡುಕೋದು ವಿದ್ಯೆ ಕಣೋ. ಕಲ್ಲು ಒಡೆಯೋದು ಬರೀ ಕೂಲಿ,” ಎನ್ನುತ್ತಿದ್ದರು. ಹೀಗಾಗಿ ವಿದ್ಯೆ ಅವರದಾಗಿ, ಕೂಲಿ ಕನ್ನಡಕದವನ ಪಾಲಿಗೆ ಬಂದಿತ್ತು. ಜಾಗವನ್ನು ನರಪಿಳ್ಳೆಗೂ ಹೇಳಬಾರದು. ಬೇರೆ ಹುಡುಕಾಟದವರ ಕಣ್ಣಿಗೆ ಬೀಳಬಾರದೆಂದು ಬಸ್ಸನ್ನು ಒಂದು ಸ್ಟಾಪು ಮುಂದೆ ಇಳಿದು ಹಿಂದಕ್ಕೆ ನಡೆಯಬೇಕು. ದಾರಿಯಲ್ಲಿ ಎದುರಾದವರು ಕೇಳಿದರೆ “ಅಲ್ಲೇನೂ ಇಲ್ಲ” ಎನ್ನಬೇಕು. ಇಷ್ಟೆಲ್ಲ ಗುಟ್ಟು ಮಾಡಿ ಮನೆಗೆ ಬಂದರೆ ಅಕ್ಕ ಕಾಲುಚೀಲ ಒಗೆಯುತ್ತಾ, “ಇವತ್ತು ಕೆಂಪುಮಣ್ಣಿನ ಕಡೆ ಹೋಗಿದ್ರಿ,” ಎಂದು ಒಂದೇ ಮಾತಿಗೆ ಮುಗಿಸುತ್ತಿದ್ದಳು.

ಇಷ್ಟು ವರ್ಷ ಅಲೆದರೂ ಸಿಕ್ಕಿದ್ದು ತುಂಡುಗಳೇ. ಆ ಜೀವಿ ಬೆಳೆಯುವಾಗಲೆಲ್ಲ ಚಿಪ್ಪು ಕಳಚುತ್ತಿತ್ತು, ಹಾಗಾಗಿ ಒಂದು ಕಡೆ ಬಾಲ, ಒಂದು ಕಡೆ ಕೆನ್ನೆ. ಇಡಿಯಾಗಿ, ಎರಡೂ ಕಣ್ಣುಗಳ ಸಮೇತ ಸಿಗುವುದು ಅಪರೂಪ. ಅದರ ಕಣ್ಣಿನ ಮಸೂರಗಳೂ ಕಲ್ಲಿನವೇ, ಬದುಕಿದ್ದಾಗಲೂ. ಕನ್ನಡಕ ಮಾರುವವನಿಗೆ ಹುಚ್ಚು ಹಿಡಿಯಲು ಅಷ್ಟು ಸಾಕಾಗಿತ್ತು. ಭಾವನಿಗಂತೂ ಆ ಕಣ್ಣನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಹಟವಾಗಿಯೇ ಬೆಳೆದಿತ್ತು.

ಈಗ ಭಾವನ ಕಣ್ಣೇ ಕೈಕೊಟ್ಟಿತ್ತು. ಅಕ್ಕ ಅಂಗಡಿಯ ಕನ್ನಡಿಯಲ್ಲಿ ತಲೆ ಸರಿಮಾಡಿಕೊಳ್ಳುವಾಗ ಅವನು ಸುಮ್ಮನೆ ಎನ್ನುವಂತೆ ಭಾವನ ಕಣ್ಣೊಳಗೆ ಬೆಳಕು ಬಿಟ್ಟು ನೋಡಿದ್ದ. ಎರಡರಲ್ಲೂ ನಟ್ಟ ನಡುವೆ ಕಲೆ. ಹೇಳಿದರೆ ಅಕ್ಕ ಗುಡ್ಡ ನಿಲ್ಲಿಸುತ್ತಾಳೆ. ಹೇಳದಿದ್ದರೆ ತಾನು ಕಳ್ಳ. ಉಳಿದ ನೋಟ ಹೋಗುವ ಮೊದಲು ಭಾವನ ಕೈಗೆ ಇಡಿಯದೊಂದು ಸಿಗಬೇಕು ಎಂದು ಅವನು ನಿರ್ಧರಿಸಿದ. ಸಿಗಬೇಕು, ಕೊಡಬಾರದು. ಯಾರಾದರೂ ಕೊಟ್ಟದ್ದನ್ನು ಭಾವ ಮೂಸಿಯೂ ನೋಡುವವರಲ್ಲ.

ಅಂಗಡಿಗೆ ರಜೆ ಇದ್ದ ದಿನ, ಭಾವ ಇತ್ತೀಚೆಗೆ ಆರಿಸಿದ್ದ ಬೈಪಾಸ್ ರಸ್ತೆಯ ಇಳಿಜಾರಿಗೆ ಒಬ್ಬನೇ ಹೋದ. ಅಂಗಡಿಗೆ ಲೆನ್ಸ್ ತರಲು ಹೋಗುತ್ತೇನೆಂದು ಅಕ್ಕನಿಗೆ ಸುಳ್ಳು ಹೇಳಿದ್ದ. ಹುಡುಕಿ ಹುಡುಕಿ ಸೊಂಟ ಬಿದ್ದುಹೋದ ಮೇಲೆ, ಎದ್ದು ಹೊರಡೋಣ ಎಂದು ಕೊನೆಯದಾಗಿ ಒಡೆದ ಕಲ್ಲು ಪುಸ್ತಕದ ಹಾಗೆ ಬಿಚ್ಚಿಕೊಂಡಿತು. ಹೆಬ್ಬೆರಳಿನಷ್ಟು ಉದ್ದ, ಬಾಲದಿಂದ ತಲೆಯವರೆಗೆ ಪೂರ್ತಿ, ತಲೆಯ ಎರಡು ಬದಿಗೆ ಎರಡು ಉಬ್ಬು. ಅವನಿಗೆ ಕುಣಿಯಬೇಕು ಅನ್ನಿಸಿತು. ನೋಡಲು ಯಾರೂ ಇಲ್ಲದ್ದರಿಂದ ಸ್ವಲ್ಪ ಕುಣಿದ.

ಅಂಗಡಿಗೆ ತಂದು, ಮಣ್ಣು ಒರೆಸಿ, ಭೂತಗನ್ನಡಿಯಲ್ಲಿ ಕಣ್ತುಂಬ ನೋಡಿದ. ಭಾನುವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಭಾವನ ಜೊತೆ ಅದೇ ಇಳಿಜಾರಿಗೆ ಬಸ್ಸು ಹತ್ತಿದ.

ಒಂದು ಸ್ಟಾಪು ಮುಂದೆ ಇಳಿದರು, ಹಿಂದಕ್ಕೆ ನಡೆದರು, ಎಲ್ಲ ಕ್ರಮಪ್ರಕಾರ. ಭಾವ ಬೂಟಿನ ದಾರ ಕಟ್ಟುವಷ್ಟರಲ್ಲಿ ಅವನು ಮುಂದೆ ಓಡಿ, ಕಲ್ಲನ್ನು ಎಡಗಡೆಯ ಚೂರುಗಳ ರಾಶಿಯ ಮೇಲೆ ಇಟ್ಟು ಬಂದ.

“ಎಡಗಡೆ ಏನೂ ಇಲ್ಲ ಭಾವ. ನೋಡಿದೆ,” ಎಂದ.

ಅವರ ಕಸುಬಿನಲ್ಲಿ ಆ ಮಾತಿಗೆ ಅರ್ಥ ಒಂದೇ. ಭಾವ ನೆಟ್ಟಗೆ ಎಡಗಡೆಗೆ ಹೋಗಿ ಕೂತರು. ಒಂದೊಂದೇ ಚೂರು ಎತ್ತುವುದು, ಹೆಬ್ಬೆರಳು ಆಡಿಸುವುದು, ಬೇಡವಾದದ್ದನ್ನು ಹೆಗಲ ಮೇಲಿಂದ ಹಿಂದಿನ ಕಮರಿಗೆ ಎಸೆಯುವುದು. ಕನ್ನಡಕದವನು ಸುತ್ತಿಗೆ ಹಿಡಿದು, ಯಾವ ತಪ್ಪೂ ಮಾಡದ ಒಂದು ಬಂಡೆಯನ್ನು ಕುಟ್ಟುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದ.

ಭಾವನ ಕೈಗೆ ಆ ಕಲ್ಲು ಬಂತು. ಹೆಬ್ಬೆರಳು ಅದರ ಮೇಲೆ ಹೋಗಿ ನಿಂತಿತು. ಅವರು ಅದನ್ನು ಮೂಗಿನ ಹತ್ತಿರ ತಂದರು. ಆಮೇಲೆ ಹೆಗಲ ಮೇಲಿಂದ ಕೈ ಬೀಸಿದರು. ಕಲ್ಲೊಂದು ಠಣ್ ಠಣ್ ಎಂದು ಕಮರಿಗೆ ಉರುಳಿತು.

“ಅಯ್ಯಯ್ಯೋ ಭಾವ!” ಎಂದು ಅವನು ಸುತ್ತಿಗೆ ಬಿಸಾಕಿ ಓಡಿದ. ಚೂರುಗಳ ಮೇಲೆ ಜಾರಿ ಕೂತ. ಪ್ಯಾಂಟು ಹರಿಯಿತು.

“ಯಾಕೋ? ಏನೂ ಇಲ್ಲ ಅಂದೆಯಲ್ಲ,” ಎಂದು ಭಾವ ಇನ್ನೊಂದು ಮುಷ್ಟಿ ಬಿಚ್ಚಿದರು. ಟ್ರೈಲೋಬೈಟ್ ಅಲ್ಲೇ ಇತ್ತು. “ಕೋಟಿಗಟ್ಟಲೆ ವರ್ಷ ಮಣ್ಣಲ್ಲಿ ಮಲಗಿದ್ದ ಪ್ರಾಣಿಗೆ ನಿಂಬೆಹಣ್ಣಿನ ವಾಸನೆ ಎಲ್ಲಿಂದ ಬಂತು, ಅದನ್ನ ಮೊದಲು ಹೇಳು.”

ಅವನಿಗೆ ಆಗ ಹೊಳೆಯಿತು. ಕನ್ನಡಕ ಒರೆಸುವ ದ್ರಾವಣ. ಕೈಗೆ ಬಂದದ್ದಕ್ಕೆಲ್ಲ ಎರಡು ಸಲ ಪಿಚಕ್ ಎನ್ನಿಸಿ ಬಟ್ಟೆಯಲ್ಲಿ ತಿಕ್ಕುವುದು ಅವನ ಅಭ್ಯಾಸಬಲ. ಕಿವಿ ಬಿಸಿಯಾಯಿತು.

“ಹಲಗೆ ಬದಲಾಯಿಸಿದ್ದೆ, ಭಾವ,” ಎಂದ, ಕೂತಲ್ಲಿಂದಲೇ.

“ಒಂದು ಮಾತು ಮೊದಲೇ ಹೇಳಬಾರದೇನೋ?” ಎಂದರು ಭಾವ. “ಹೋದ ವರ್ಷದಿಂದ ಬಾಯಿಪಾಠ ಮಾಡಿಟ್ಟಿದ್ದೆ. ಎಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು.”

ಇಬ್ಬರಿಗೂ ನಗು ಬಂತು. ತಡೆಯಲಾಗದೆ ನಕ್ಕರು. ಭಾವನ ನಗು ಮೊದಲು ನಿಂತಿತು.

“ದೊಡ್ಡ ಡಾಕ್ಟರಿಗೆ ತೋರಿಸಿದೀನಿ ಕಣೋ. ನಡುವೆ ಒಣಗಿಹೋಗಿದೆಯಂತೆ, ವಾಪಸ್ ಬರಲ್ಲವಂತೆ. ಸುತ್ತ ಎಲ್ಲ ಕಾಣುತ್ತೆ. ಯಾವುದನ್ನ ನೋಡಬೇಕು ಅಂತೀನೋ ಅದೊಂದೇ ಮಾಯ.” ಅವರು ಕಲ್ಲನ್ನು ಮುಖದ ನೇರಕ್ಕೆ ಹಿಡಿದರು. “ಇದಕ್ಕೆ ಕಣ್ಣಿದೆ ಅಂತ ಬೆರಳು ಹೇಳಿತು. ಇಷ್ಟು ವರ್ಷ ಕಾದು, ಕೈಲಿದ್ದೂ ನೋಡೋಕಾಗ್ತಿಲ್ಲ. ಹೊಟ್ಟೆ ಉರಿಯುತ್ತೆ.”

ಇದು ಕನ್ನಡಕದವನ ಅಂಗಡಿಯ ವಿಷಯ. ಎದ್ದು ಬಂದು ಭಾವನ ಎದುರು ಮಂಡಿಯೂರಿ, ಅವರ ಕೈಯಿಂದ ಕಲ್ಲು ತೆಗೆದುಕೊಂಡ.

“ಕಲ್ಲನ್ನ ನೋಡಬೇಡಿ. ನನ್ನ ಕಿವಿ ನೋಡಿ.”

“ನಿನ್ನ ಕಿವೀಲಿ ಏನಿದೆ ನೋಡೋಕೆ?”

“ನೋಡಿ ಅಂದ್ರೆ ನೋಡಿ. ಕಣ್ಣು ಕದಲಿಸಬೇಡಿ.”

“ಕಿವಿ ಕಾಣ್ತಿಲ್ಲ. ಸದ್ಯ, ಅಷ್ಟು ಪುಣ್ಯ ಮಾಡಿದೀನಿ.”

ಅವನು ಒಂದು ಕೈಯಲ್ಲಿ ಭೂತಗನ್ನಡಿ, ಒಂದು ಕೈಯಲ್ಲಿ ಕಲ್ಲು ಹಿಡಿದು, ಭಾವನ ಮುಖದ ಪಕ್ಕಕ್ಕೆ ಸರಿಸಿದ. ಸ್ವಲ್ಪ ಮೇಲೆ, ಸ್ವಲ್ಪ ಆಚೆ. ಬಿಸಿಲು ಓರೆಯಾಗಿ ಬೀಳುವಂತೆ ತಿರುಗಿಸಿದ. ಭಾವನ ಕಣ್ಣು ಎರಡು ಮೂರು ಸಲ ಕಲ್ಲಿನ ಕಡೆ ಓಡಿತು, ಅವನು ಗದರಿದ, ಅದು ಮತ್ತೆ ಕಿವಿಗೆ ಬಂತು. ಆಮೇಲೆ ಭಾವ ಉಸಿರು ಹಿಡಿದರು.

“ಬಂತು,” ಎಂದರು ಮೆಲ್ಲಗೆ. “ಉಬ್ಬಿದೆ. ಮೇಲೆಲ್ಲ ಸಾಲು ಸಾಲು ಚುಕ್ಕಿ. ಇದೇ ಅಲ್ವೇನೋ ಕಣ್ಣು?”

“ಅದೇ, ಭಾವ.”

ಭಾವ ಬಹಳ ಹೊತ್ತು ಅವನ ಕಿವಿಯನ್ನೇ ದಿಟ್ಟಿಸಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಕಣ್ಣು ಕದಲುತ್ತದೆ.

ಕಲ್ಲನ್ನು ಬಟ್ಟೆಯಲ್ಲಿ ಸುತ್ತಿಟ್ಟ ಮೇಲೆ ಅವರು ಕಮರಿಯ ಕಡೆ ಮುಖ ಮಾಡಿ ಸುಮ್ಮನೆ ಕೂತರು. ಕೂತವರು ಇದ್ದಕ್ಕಿದ್ದಂತೆ, “ಲೋ, ನಿನ್ನ ತಲೆ ಯಾವಾಗ ಇಷ್ಟು ನರೆಯಿತು?” ಎಂದರು.

ಅವರ ದೃಷ್ಟಿ ದೂರದ ಗುಡ್ಡದ ಮೇಲಿತ್ತು. ಅವನು ಅವರ ಪಕ್ಕಕ್ಕಿದ್ದ.

“ಚೀಲ ಕಟ್ಟು. ನಡಿ ಮನೆಗೆ.”

“ಇಷ್ಟು ಬೇಗನಾ? ಇನ್ನೂ ಅರ್ಧ ಗುಡ್ಡ ಬಾಕಿ ಇದೆ.”

“ಗುಡ್ಡ ಎಲ್ಲಿಗೂ ಓಡಿಹೋಗಲ್ಲ,” ಎಂದು ಭಾವ ಅವನ ಭುಜ ಹಿಡಿದು ಎದ್ದರು. “ನಿಮ್ಮಕ್ಕನ ಮುಖ ನೋಡಿ ಒಂದು ವರ್ಷವಾಯ್ತು.”