ಸೋತ ದಿನ ಮೆರಿಶೋರಿಯಲ್ಲಿ

ಫಲಿತಾಂಶ ಬಂದ ಬೆಳಿಗ್ಗೆ ದೊಮ್ನಿಕಾ ರುಸ್ನಾಕ್ ಅಡುಗೆಮನೆಯಲ್ಲಿ ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದಳು. ಸಂಸದೆಯಾಗಿದ್ದ ಅವಳು ಮೊಲ್ದೋವಾ ದೇಶದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಕೂದಲೆಳೆಯಷ್ಟು ಅಂತರದಲ್ಲಿ ಸೋತಿದ್ದಳು. ಗಂಡ ಇಲಾರಿಯೋನ್ ದನದ ಡಾಕ್ಟರು, ಮಾತು ಕಡಿಮೆ. ಅವನು ಬ್ರೆಡ್ಡಿನ ಮೇಲೆ ಕುರಿಹಾಲಿನ ಚೀಸು ಪುಡಿ ಮಾಡಿ ಹಾಕಿ ಅವಳ ಮುಂದೆ ತಳ್ಳಿದ. ಅವಳು ಮುಟ್ಟಲಿಲ್ಲ.

ಪ್ರಚಾರದ ಉಸ್ತುವಾರಿ ಹೊತ್ತಿದ್ದ ಪಾವೆಲ್ ಗಿಂಕು ಒಳಗೆ ಬಂದವನೇ ಕೂರದೆ ಮಾತು ತೆಗೆದ. ಅವನ ಕಣ್ಣುಗಳು ಕೆಂಪಾಗಿದ್ದವು.

"ಅಕ್ಕ, ಮೋಸ ಆಗಿದೆ ಅಂತ ಒಂದೇ ಒಂದು ಮಾತು ಹೇಳಿ ಸಾಕು. ಸಂಜೆ ಒಳಗೆ ಜನ ಸೇರಿಸಿ ಚೌಕ ತುಂಬಿಸ್ತೀನಿ."

"ಎಲ್ಲಾ ಮತಗಟ್ಟೇಲೂ ನಮ್ಮವರು ಕೂತಿದ್ರಲ್ಲ ಪಾವೆಲ್. ಮೋಸ ನೋಡಿದೀನಿ ಅಂತ ಒಬ್ರಾದ್ರೂ ಅಂದ್ರಾ?"

"ಅಂದಿಲ್ಲ. ಆದ್ರೆ ನೀವು ಹೇಳಿದ್ರೆ ಜನ ನಂಬ್ತಾರೆ."

"ನಂಬ್ತಾರೆ ಅಂತಾನೇ ನಾನು ಹೇಳಬಾರದು."

ಪಾವೆಲ್ ಏನೋ ಹೇಳಹೊರಟ. ಅಷ್ಟರಲ್ಲಿ ಅವಳು ಫೋನ್ ಕೈಗೆತ್ತಿಕೊಂಡು ಗೆದ್ದವನಿಗೆ ಕರೆ ಮಾಡಿಬಿಟ್ಟಳು. ಅನಾತೋಲ್ ಬುಜೋರ್ ಮೊದಲ ರಿಂಗಿಗೇ ಎತ್ತಿಕೊಂಡ. ಬಹುಶಃ ಬೈಗುಳವನ್ನೇ ನಿರೀಕ್ಷಿಸುತ್ತಿದ್ದ.

"ಅನಾತೋಲ್ ಅವ್ರೇ, ನೀವು ಗೆದ್ರಿ. ಒಳ್ಳೇದಾಗಲಿ. ಆದ್ರೆ ನಾಳೆಯಿಂದ ನಿಮ್ಮ ಬೆನ್ನು ಬಿಡಲ್ಲ, ಅದನ್ನೂ ಈಗಲೇ ಹೇಳಿಬಿಡ್ತೀನಿ."

ಆ ಕಡೆಯಿಂದ ನಗು ಕೇಳಿಸಿತು. ಅದು ವ್ಯಂಗ್ಯದ ನಗುವಾಗಿರಲಿಲ್ಲ.

ಮನೆಯ ಮೆಟ್ಟಿಲ ಮೇಲೆ ನಿಂತು ಟಿವಿಯವರಿಗೂ ಅವಳು ಅದನ್ನೇ ಹೇಳಿದಳು. ಪಾವೆಲ್ ಅವಳ ಪಕ್ಕದಲ್ಲಿ ನಿಲ್ಲಲಿಲ್ಲ, ಗೇಟಿನ ಹೊರಗೆ ಸಿಗರೇಟು ಹಚ್ಚಿದ.

ಅಷ್ಟಕ್ಕೆ ಮುಗಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉತ್ತರದ ಮೆರಿಶೋರಿ ಎಂಬ ಹಳ್ಳಿಯಿಂದ ಸುದ್ದಿ ಬಂತು. ಸುತ್ತಲಿನ ಊರುಗಳೆಲ್ಲ ದೊಮ್ನಿಕಾಳ ಕಡೆ ವಾಲಿದ್ದರೂ ಮೆರಿಶೋರಿಯಲ್ಲಿ ಅವಳು ಹಿಂದೆ ಬಿದ್ದಿದ್ದಳು. ಅಲ್ಲಿನ ಮತಗಟ್ಟೆಯ ಮುಖ್ಯಸ್ಥೆ ಎವ್ದೋಕಿಯಾ ಊರ ಶಾಲೆಯ ಟೀಚರು. ಓಟು ಕದ್ದವಳು ಅವಳೇ ಎಂದು ಕೂಗುತ್ತ ದೊಮ್ನಿಕಾಳ ಬೆಂಬಲಿಗರು ಅವಳ ಮನೆಯನ್ನು ಸುತ್ತುಗಟ್ಟಿದ್ದರು. ಎರಡು ಕಿಟಕಿಗಳ ಗಾಜು ಪುಡಿಯಾಗಿತ್ತು.

"ಪೊಲೀಸರು ನೋಡ್ಕೋತಾರೆ ಬಿಡಿ," ಎಂದ ಪಾವೆಲ್.

"ಪೊಲೀಸರು ಹೋಗ್ಲಿ. ಆದ್ರೆ ಕಲ್ಲು ಎಸೆದೋರು ಕೂಗಿದ್ದು ನನ್ನ ಹೆಸರು." ದೊಮ್ನಿಕಾ ಕೋಟು ಹಾಕಿಕೊಂಡಳು. ಇಲಾರಿಯೋನ್ ಕಾರಿನ ಕೀಲಿ ತೆಗೆದುಕೊಂಡ.

ಮೆರಿಶೋರಿಯ ದಾರಿ ಅವನಿಗೆ ಹೊಸದಲ್ಲ. ಅಲ್ಲಿನ ಅರ್ಧದಷ್ಟು ದನದ ಹಟ್ಟಿಗಳಲ್ಲಿ ಅವನು ಹೆರಿಗೆ ಮಾಡಿಸಿ ಕರು ಎಳೆದಿದ್ದ. ಮಳೆ ನಿಂತು ಊರಿನ ಬೀದಿ ಕೊಚ್ಚೆಯಾಗಿತ್ತು, ದ್ರಾಕ್ಷಿ ಹಿಂಡಿದ ಸಿಪ್ಪೆಯ ಹುಳಿ ವಾಸನೆ ಎಲ್ಲ ಕಡೆ ಹರಡಿತ್ತು. ಟೀಚರ್ ಮನೆಯ ಮುಂದೆ ಜನ ಜಮಾಯಿಸಿದ್ದರು. ಇಬ್ಬರು ಪೊಲೀಸರು ಬಾಗಿಲಿಗೆ ಬೆನ್ನು ಕೊಟ್ಟು ಪೆಚ್ಚಾಗಿ ನಿಂತಿದ್ದರು. ದೊಮ್ನಿಕಾ ಕಾರಿನಿಂದ ಇಳಿದದ್ದನ್ನು ಕಂಡ ಜನ ಚಪ್ಪಾಳೆ ತಟ್ಟಿದರು. ತಮ್ಮನ್ನು ಮುನ್ನಡೆಸಲು ಬಂದಿದ್ದಾಳೆ ಎಂದುಕೊಂಡಿದ್ದರು. ಅವಳು ಅವರ ನಡುವೆಯೇ ದಾರಿ ಮಾಡಿಕೊಂಡು ಹೋಗಿ, ಟೀಚರ್ ಮನೆಯ ಗೇಟಿಗೆ ಒರಗಿ ಅವರ ಕಡೆ ತಿರುಗಿ ನಿಂತಳು. ಚಪ್ಪಾಳೆ ನಿಂತಿತು.

ಟ್ರ್ಯಾಕ್ಟರ್ ಓಡಿಸುವ ಟ್ರಿಫೋನ್ ಮುಂದೆ ಬಂದ. "ನಿಮಗೋಸ್ಕರ ಮನೆ ಮನೆ ಸುತ್ತಿದೀನಿ ಕಣಮ್ಮಾ. ಹೆಂಡ್ತಿ ಹತ್ರ ಬೈಸ್ಕೊಂಡಿದೀನಿ. ನೀವು ನೋಡಿದ್ರೆ ಬೆಳಿಗ್ಗೆ ಬೆಳಿಗ್ಗೆ ಟಿವೀಲಿ ಕೈ ಎತ್ಬಿಟ್ರಿ."

"ಸೋತಿದ್ದಕ್ಕೆ ಸೋತೆ ಅಂದೆ ಟ್ರಿಫೋನ್."

"ಇವಳು ಕದ್ದಳು ಅಂತೀವಿ ನಾವು."

"ನೀನು ನೋಡಿದ್ಯಾ?"

"ನೋಡಬೇಕಾ? ಲೆಕ್ಕ ಹಾಕಿದ್ರೆ ಗೊತ್ತಾಗಲ್ವಾ?"

"ಎಣಿಸೋವಾಗ ನಮ್ಮ ಕಡೆಯಿಂದ ಕೂತಿದ್ದು ನಿನ್ನ ಭಾವ. ಕದ್ದಿದ್ರೆ ಅವನ ಕಣ್ಣೆದುರೇ ಕದೀಬೇಕಿತ್ತು. ಅವನನ್ನ ಕೇಳಿದ್ಯಾ?"

ಟ್ರಿಫೋನನ ಭಾವ ಹಿಂದಿನ ಸಾಲಿನಲ್ಲೇ ಇದ್ದ. ಎಲ್ಲರೂ ಅವನತ್ತ ತಿರುಗಿದರು. ಅವನು ಟೋಪಿ ಸರಿ ಮಾಡಿಕೊಂಡು, "ಎಣಿಕೆ ಸರಿಯಾಗೇ ಇತ್ತಪ್ಪ, ನಿನ್ನೇನೇ ಹೇಳಿದ್ನಲ್ಲ, ಯಾರು ಕೇಳಿಸ್ಕೋತೀರಿ," ಎಂದು ಗೊಣಗಿದ.

ಅಷ್ಟರಲ್ಲಿ ಹಿಂದಿನಿಂದ ಹಾರಿ ಬಂದ ಕೊಚ್ಚೆಯ ಮುದ್ದೆಯೊಂದು ದೊಮ್ನಿಕಾಳ ಎದೆಗೆ ಪಟ್ಟನೆ ಬಡಿಯಿತು. "ಮಾರಿಕೊಂಡೋಳು," ಎಂದಿತು ಒಂದು ದನಿ. ಇಲಾರಿಯೋನ್ ಮುನ್ನುಗ್ಗಿದ. ಅವಳು ಅವನತ್ತ ನೋಡದೆಯೇ ಕೈ ಅಡ್ಡ ಹಿಡಿದಳು.

"ಗ್ರಿಗೋರೇ," ಎಂದು ಒಬ್ಬಳು ಮುದುಕಿ ಗದರಿದಳು, "ನಿಂಗೆ ಎರಡನೇ ಕ್ಲಾಸಲ್ಲಿ ಮೂಗು ಒರೆಸಿದ್ದು ಇದೇ ಟೀಚರು. ಅವಳ ಮನೆ ಮುಂದೆ ಕೆಸರು ಎರಚ್ತೀಯಲ್ಲ, ನಾಚಿಕೆ ಆಗಲ್ವೇನೋ ನಿಂಗೆ."

ಯಾರೋ ಕಿಸಕ್ಕನೆ ನಕ್ಕರು. ದೊಮ್ನಿಕಾ ನಗಲಿಲ್ಲ.

"ಪ್ರಚಾರದ ಉದ್ದಕ್ಕೂ ನಿಮಗೆ ಸಿಟ್ಟು ಬರೋ ಹಾಗೆ ಮಾತಾಡಿದ್ದು ನಾನು," ಎಂದಳು. ಅವಳ ದನಿ ಎತ್ತರವಾಗಿರಲಿಲ್ಲ, ಆದರೆ ಎಲ್ಲರಿಗೂ ಕೇಳಿಸುತ್ತಿತ್ತು. "ಗೆದ್ದಿದ್ರೆ ಆ ಸಿಟ್ಟಿನ ಫಲ ನಾನು ತಿಂತಿದ್ದೆ. ಸೋತಿದೀನಿ ಅಂತ ಅದನ್ನ ಬೀದೀಲಿ ಬಿಟ್ಟು ಮನೇಲಿ ಕೂರೋಕಾಗುತ್ತಾ? ನಂಗೆ ಓಟು ಹಾಕಿದ ನೀವು ನನ್ನವರು. ಹಾಕದೇ ಇರೋ ಈ ಟೀಚರೂ ನನ್ನವಳೇ. ಇವಳ ಮೇಲೆ ಇನ್ನೊಂದು ಕಲ್ಲು ಬೀಳೋ ಹಾಗಿದ್ರೆ ಮೊದಲು ನನ್ನ ಮೇಲೆ ಬೀಳಲಿ. ನಾನು ಇಲ್ಲೇ ನಿಂತಿರ್ತೀನಿ, ನಂಗೇನೂ ಅವಸರ ಇಲ್ಲ."

ಅವಳು ನಿಜವಾಗಿಯೂ ನಿಂತೇ ಇದ್ದಳು. ಮೊದಲು ಹೆಂಗಸರು ಹೊರಟರು, ಆಮೇಲೆ ಗಂಡಸರು, ಸುಮ್ಮನೆ ಹಾಲು ಕರೆಯುವ ಹೊತ್ತಾಯಿತು ಎಂಬಂತೆ. ಟ್ರಿಫೋನ್ ಕೊನೆಯವರೆಗೂ ನೆಲ ನೋಡುತ್ತ ಉಳಿದ. ಆಮೇಲೆ, "ಗಾಜು ನಾನು ಹಾಕಿಸ್ತೀನಿ," ಎಂದ, ಯಾರ ಮುಖವನ್ನೂ ನೋಡದೆ.

ಆಗ ಎವ್ದೋಕಿಯಾ ಬಾಗಿಲು ತೆರೆದಳು. ತೆಳ್ಳಗಿನ ಹೆಂಗಸು. ಗದ್ದ ಎತ್ತಿಕೊಂಡೇ ನಿಂತಳು.

"ನಾನು ನಿಮಗೆ ಓಟು ಹಾಕಿಲ್ಲ. ಅದು ನಿಮಗೆ ಗೊತ್ತಿರ್ಲಿ."

"ಯಾಕೆ ಅಂತ ಕೇಳಬಹುದಾ?"

"ಸಣ್ಣ ಶಾಲೆಗಳನ್ನ ಮುಚ್ತೀನಿ ಅಂದಿದ್ರಲ್ಲ."

"ಮುಚ್ತೀನಿ ಅಂದಿಲ್ಲ, ಪಕ್ಕದೂರಿನ ದೊಡ್ಡ ಶಾಲೆಗೆ ಸೇರಿಸ್ತೀನಿ ಅಂದಿದ್ದೆ."

"ಮಕ್ಕಳಿಗೆ ಎರಡೂ ಒಂದೇ ಕಣ್ರೀ. ಚಳಿಗಾಲದಲ್ಲಿ ಆ ರಸ್ತೇಲಿ ಒಂದು ಸಲ ನಡೆದು ನೋಡಿ, ಗೊತ್ತಾಗುತ್ತೆ."

"ಹಾಗಾದ್ರೆ ಕೂತು ಜಗಳ ಆಡೋಣ. ಟೀ ಇದ್ಯಾ?"

ಎವ್ದೋಕಿಯಾ ಅವಳ ಕೆಸರಾದ ಕೋಟನ್ನು ದಿಟ್ಟಿಸಿ, "ಮೊದಲು ಅದನ್ನ ತೆಗೀರಿ, ಕುರ್ಚಿ ಹಾಳಾಗುತ್ತೆ," ಎಂದಳು.

ಇಬ್ಬರೂ ಕತ್ತಲಾಗುವವರೆಗೆ ಜಗಳವಾಡಿದರು. ಇಲಾರಿಯೋನ್ ಒಡೆದ ಕಿಟಕಿಗಳಿಗೆ ರಟ್ಟು ಹೊಡೆಯುತ್ತ ಕೇಳಿಸಿಕೊಂಡ. ಒಬ್ಬರೂ ಸೋಲಲಿಲ್ಲ. ಕಾರಿನಲ್ಲಿ ಹಿಂದಿರುಗುವಾಗ ದೊಮ್ನಿಕಾ ಸೀಟಿಗೆ ತಲೆಯಾನಿಸಿ ನಿದ್ದೆಹೋದಳು. ತಿಂಗಳುಗಳ ಪ್ರಚಾರದಲ್ಲಿ ಅವಳು ಇಷ್ಟು ನಿಶ್ಚಿಂತೆಯಿಂದ ಮಲಗಿದ್ದನ್ನು ಅವನು ಕಂಡಿರಲಿಲ್ಲ.

ಪಾವೆಲ್ ಪಕ್ಷ ಬಿಟ್ಟ. ಅವನ ಜೊತೆ ಇನ್ನೂ ಕೆಲವರು ಹೋದರು. ಬುಜೋರ್ ಪ್ರಮಾಣವಚನ ತೆಗೆದುಕೊಂಡ ದಿನ ದೊಮ್ನಿಕಾ ಮೊದಲ ಸಾಲಿನಲ್ಲೇ ಕೂತು ಎಲ್ಲರೊಂದಿಗೆ ಎದ್ದು ನಿಂತಳು. ಮುಂದಿನ ವಾರವೇ ಗ್ಯಾಸಿನ ದರ ಏರಿಸಿದ್ದಕ್ಕೆ ಸಂಸತ್ತಿನಲ್ಲಿ ಅವನ ಸರ್ಕಾರವನ್ನು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡಳು. ಶಾಲೆಗಳ ವಿಷಯದಲ್ಲಿ ತನ್ನ ಮಾತನ್ನು ಬದಲಿಸಿದಾಗ ಪತ್ರಿಕೆಗಳು ಗೇಲಿ ಮಾಡಿದವು. ಮಾಡಲಿ ಎಂದಳು.

ಆ ಚಳಿಗಾಲದಲ್ಲಿ ಇಲಾರಿಯೋನ್ ಒಂದು ಹಟ್ಟಿಯಲ್ಲಿ ಮೊಣಕೈವರೆಗೆ ತೋಳೇರಿಸಿ ಹಸುವಿನ ಹೆರಿಗೆ ಮಾಡಿಸುತ್ತಿದ್ದ. ಬುಜೋರನ ಕಡೆಯವನಾದ ಹಟ್ಟಿಯ ಯಜಮಾನ ಲಾಂದ್ರ ಹಿಡಿದುಕೊಂಡು ಕೆಣಕಿದ: "ಡಾಕ್ಟ್ರೇ, ಸೋತೋಳ ಗಂಡ ನೀವೇ ಅಲ್ವಾ?"

ಕರುವಿನ ಕಾಲು ಆಗಷ್ಟೇ ಕೈಗೆ ಸಿಕ್ಕಿತ್ತು. ಇಲಾರಿಯೋನ್ ಹಿಡಿತ ಸಡಿಲಿಸದೆ ಕತ್ತು ತಿರುಗಿಸಿ ಅವನನ್ನು ನೋಡಿದ.

"ಹೌದು," ಎಂದ, "ದೊಮ್ನಿಕಾ ರುಸ್ನಾಕ್ ಗಂಡ ನಾನೇ. ಬೆಳಕು ಇನ್ನೂ ಸ್ವಲ್ಪ ಹತ್ರ ಹಿಡಿ."