ಕಾಲೇಜಿನ ಪುಸ್ತಕಗಳು ಹಾಲಿನ ರೈಲು ಹತ್ತಿದ್ದು

ಕನಕಗುಡ್ಡ ಕಾಲೇಜಿನ ಲೈಬ್ರೇರಿಯನ್ ವೆಂಕಟರಾಮಪ್ಪ ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ಯಾರಿಗೂ ಸಲೀಸಾಗಿ ಒಂದು ಪುಸ್ತಕ ಕೊಟ್ಟವನಲ್ಲ. ಹುಡುಗರು ಕೇಳಿದರೆ ಮೊದಲು ಕೈ ತೋರಿಸಬೇಕಿತ್ತು. ಬೆರಳಿಗೆ ಶಾಯಿ ಅಂಟಿದ್ದರೆ ಅಲ್ಲಿಗೇ ಮುಗಿಯಿತು. ಕೈ ಚೊಕ್ಕಟವಾಗಿದ್ದರೆ, "ಯಾವ ಪುಟ ಬೇಕು ಹೇಳಪ್ಪ, ನಾನೇ ಓದ್ತೀನಿ, ನೀನು ಬರ್ಕೋ" ಅನ್ನುತ್ತಿದ್ದ. ಮೇಷ್ಟ್ರುಗಳು ಬಂದ ದಿನ ಬೀರುವಿನ ಬೀಗದ ಕೈ ಬಂಗಾರಪೇಟೆಯ ಮನೆಯಲ್ಲೇ ಉಳಿದುಬಿಟ್ಟಿರುತ್ತಿತ್ತು.

ಅದಕ್ಕೆ ಕಾರಣವಿತ್ತು. ಅವನು ಎಸ್ಸೆಸ್ಸೆಲ್ಸಿ ಓದುವಾಗ ಮನೆಯಲ್ಲಿದ್ದ ಒಂದೇ ಒಂದು ಗಣಿತದ ಪುಸ್ತಕವನ್ನು ಅವರ ಆಡು ಮೇದುಹಾಕಿತ್ತು. ಆ ವರ್ಷ ಅವನು ಡುಮ್ಕಿ ಹೊಡೆದ. ರಾಗಿ ಹೊಲ ಬಿಟ್ಟು ಬೇರೇನೂ ಕಾಣದ ಮನೆಯಿಂದ ಹೊರಟು ಇಷ್ಟು ದೂರ ಬಂದವನಿಗೆ, ಬಾಗಿಲು ದಾಟಿದ ಪುಸ್ತಕ ಎಂದರೆ ಆಡಿನ ಬಾಯಿಗೆ ಬಿದ್ದ ಪುಸ್ತಕ. ಹಾಗಾಗಿ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಪುಸ್ತಕಗಳೂ ಮದುವೆಗೆ ಮೊದಲಿನ ಹೆಣ್ಣುಮಕ್ಕಳ ಹಾಗೆ ಬೀರುವಿನೊಳಗೆ ಮಡಿಕೆ ಮುರಿಯದೆ ಕೂತಿದ್ದವು.

೧೯೬೨ರಲ್ಲಿ ಕಾಲೇಜಿನ ಆಡಳಿತ ಮಂಡಳಿಗೆ ಖರ್ಚು ಕಡಿಮೆ ಮಾಡುವ ಹುಕಿ ಬಂತು. ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಟೈಮ್ ಕೀಪರ್ ಆಗಿದ್ದು ರಿಟೈರಾದ ಶ್ರೀರಾಮಪ್ಪನವರನ್ನು ಕರೆದು, ಮಿತವ್ಯಯದ ಅಧಿಕಾರಿ ಅಂತ ಕೂರಿಸಿದರು. ಅವರು ಸರಪಳಿ ಗಡಿಯಾರ ಹಿಡಿದು ನೆಟ್ಟಗೆ ಲೈಬ್ರೇರಿಗೆ ಬಂದರು. ಅಟೆಂಡರ್ ಆರುಮುಗಂ ಏಣಿ ಹತ್ತಿ ಒಂದು ಪುಸ್ತಕ ಇಳಿಸಲು ಎಷ್ಟು ಸೆಕೆಂಡು ಹಿಡಿಯುತ್ತೆ ಅಂತ ಹನ್ನೊಂದು ಸಲ ಹತ್ತಿಸಿ ನೋಡಿದರು. ಹನ್ನೆರಡನೇ ಸಲಕ್ಕೆ ಆರುಮುಗಂ, "ಕೆಳಗೇ ಇಟ್ಬುಟ್ರೆ ಆಯ್ತಲ್ಲ ಸಾರ್" ಅಂದ. ಅದನ್ನೂ ಬರೆದುಕೊಂಡರು.

ಕೊನೆಗೆ ವೆಂಕಟರಾಮಪ್ಪನನ್ನು ಕೂರಿಸಿ ಕೇಳಿದರು: "ನೋಡ್ರಿ, ಗಣಿಯಲ್ಲಿ ಅದಿರು ಮೇಲಕ್ಕೆ ಬಂದ್ರೆ ಚಿನ್ನ. ಒಳಗೇ ಬಿದ್ದಿದ್ರೆ ಏನು?"

"ಅದೂ ಚಿನ್ನಾನೇ ಅಲ್ವಾ ಸ್ವಾಮಿ?"

"ಅಲ್ಲ. ಬರೀ ಬಂಡೆ. ನಿಮ್ಮ ಬೀರು ತುಂಬ ಬಂಡೆ ಇದೆ. ಮೂರು ತಿಂಗಳು ಟೈಮು. ಅಷ್ಟರೊಳಗೆ ಒಂದು ಸಲಾನೂ ಹೊರಗೆ ಹೋಗದ ಪುಸ್ತಕ ರದ್ದಿಗೆ."

ಆ ಮಾತು ಕೇಳಿ ವೆಂಕಟರಾಮಪ್ಪನಿಗೆ ರಾಬರ್ಟ್‌ಸನ್‌ಪೇಟೆಯ ಕಡಲೆಕಾಯಿ ಪೊಟ್ಟಣಗಳೆಲ್ಲ ಕಣ್ಣ ಮುಂದೆ ಬಂದವು. ಪುಸ್ತಕ ಉಳಿಸಬೇಕಾದರೆ ಪುಸ್ತಕ ಕೊಡಬೇಕು. ಬೇರೆ ದಾರಿ ಇರಲಿಲ್ಲ.

ಮರುದಿನದಿಂದ ಸಿಕ್ಕಿದವರಿಗೆಲ್ಲ ಕೊಡತೊಡಗಿದ. ಹುಡುಗರಿಗೆ ಮೊದಲು ನಂಬಿಕೆ ಬರಲಿಲ್ಲ, ಏನೋ ಶಿಕ್ಷೆ ಅಂದುಕೊಂಡರು. ಎರಡನೇ ವಾರಕ್ಕೆ ಒಬ್ಬೊಬ್ಬನ ಹತ್ತಿರ ಹದಿನೈದು ಪುಸ್ತಕ ಸೇರಿ, ವೆಂಕಟರಾಮಪ್ಪ ಹಜಾರದ ಆ ತುದಿಯಲ್ಲಿ ಕಂಡರೆ ಈ ತುದಿಯಿಂದ ಓಡುತ್ತಿದ್ದರು. ಸಂಸ್ಕೃತದ ಮೇಷ್ಟ್ರು ಜೀವಶಾಸ್ತ್ರದ ಎಂಟು ಸಂಪುಟ ಹೊತ್ತುಕೊಂಡು ಹೋಗಿ ಮೂರು ದಿನ ರಜೆ ಹಾಕಿದರು. ಆದರೂ ಬೀರುವಿನಲ್ಲಿ ಮೂರು ಸಾವಿರ ಉಳಿದವು.

ಬಂಗಾರಪೇಟೆಯಿಂದ ಕಾಲೇಜಿನ ಹತ್ತಿರದ ಉರಿಗಾಂ ಸ್ಟೇಷನ್ನಿಗೆ ಬರುವ ಬೆಳಗಿನ ರೈಲಿನಲ್ಲಿ ಅವನ ಎದುರು ದಿನಾ ಕೂರುತ್ತಿದ್ದವಳು ಹಾಲು ಮಾರುವ ಚಿಕ್ಕವೆಂಕಟಮ್ಮ. ಒಂದು ದಿನ ಸಂಜೆಯ ರೈಲಿನಲ್ಲಿ ಖಾಲಿ ಕ್ಯಾನುಗಳ ನಡುವೆ ಕೂತಿದ್ದ ಅವಳ ಮುಂದೆ ಒಂದು ದಪ್ಪ ಪುಸ್ತಕ ಹಿಡಿದ.

"ಅಮ್ಮ, ಇದನ್ನ ತಗೊಂಡು ಹೋಗ್ತೀಯಾ?"

"ನಂಗ್ಯಾಕಪ್ಪ? ನಂಗೆ ಓದಾಕೆ ಬರಾಕಿಲ್ಲ."

"ಓದ್ಬೇಡ. ಹದಿನೈದು ದಿನ ಮನೇಲಿಟ್ಕೊಂಡು ವಾಪಸ್ ಕೊಡು, ಸಾಕು."

"ಅಬ್ಬೋ, ಅಂಗಾದ್ರೆ ನೀನೇ ಇಕ್ಕೋ."

"ನಾನಿಟ್ಕೊಂಡ್ರೆ ತೂಕಕ್ಕೆ ಹಾಕ್ಬಿಡ್ತಾರಮ್ಮ."

ಚಿಕ್ಕವೆಂಕಟಮ್ಮನ ಮುಖ ಬದಲಾಯಿತು. ಕಟುಕರ ಕೈಗೆ ಹೊರಟ ಕರುವನ್ನು ನೋಡುವ ಹಾಗೆ ಪುಸ್ತಕವನ್ನು ನೋಡಿದಳು. "ತೂಕಕ್ಕಾ? ಯಾವನಪ್ಪ ಅವ್ನು ಪಾಪಿ? ತತ್ತಾ ಇಲ್ಲಿ. ನಮ್ಮ ಅಸುಗಳ ಜತೆ ಇದೂ ಒಂದು ಇರ್ಲಿ. ಇಷ್ಟು ದಪ್ಪ ಐತಲ್ಲ, ಗಬ್ಬವಾ?"

"ಅಲ್ಲಮ್ಮ, ಭೂಗರ್ಭಶಾಸ್ತ್ರ."

"ಅದೇ ಕಣಪ್ಪ, ನಾನೂ ಏಳಿದ್ದು."

ಅವಳು ಒಂದು ತಗೊಂಡದ್ದೇ ತಡ, ಪಕ್ಕದವರೂ ಕೈ ಚಾಚಿದರು. ಕರು ಉಳಿಸುವ ಪುಣ್ಯ ಯಾರಿಗೆ ಬೇಡ? ಸೊಪ್ಪಿನವರು, ಮೊಟ್ಟೆಯವರು, ಕುರಿ ಕಾಯುವವರು, ಆಸ್ಪತ್ರೆಯಲ್ಲಿ ಸೂಜಿಮದ್ದು ಹಾಕಿಸಿಕೊಂಡು ಬರುತ್ತಿದ್ದ ಬಸುರಿಯರು, ಎಲ್ಲರೂ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂಗಾರಪೇಟೆಯಲ್ಲಿ ಇಳಿದು ತಮ್ಮ ತಮ್ಮ ಹಳ್ಳಿಗೆ ನಡೆದರು. ಎರಡೇ ತಿಂಗಳಲ್ಲಿ ಬೀರುಗಳು ಬರಿದಾದವು.

ಶ್ರೀರಾಮಪ್ಪನವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನೋಟೀಸ್ ಬೋರ್ಡಿನ ಮೇಲೆ "ದಕ್ಷತೆ: ನೂರಕ್ಕೆ ನೂರು" ಅಂತ ಬರೆಸಿದರು. ಬೀರುಗಳು ಖಾಲಿ ಇವೆಯೆಂದು ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಗೆ ಮಾರಿಸಿದರು. ಓದುವುದಕ್ಕೇ ಏನೂ ಇಲ್ಲವೆಂದು ದೀಪ ತೆಗೆಸಿದರು. ಆರುಮುಗನನ್ನು ಗಂಟೆ ಹೊಡೆಯುವ ಕೆಲಸಕ್ಕೆ ಹಾಕಿದರು. ಆಮೇಲೆ ಒಂದು ಸಭೆ ಕರೆದು ವೆಂಕಟರಾಮಪ್ಪನಿಗೆ ಸೇವಂತಿಗೆ ಹಾರ ಹಾಕಿ, ಇಂಥ ಲೈಬ್ರೇರಿಯನ್ ಸಿಗುವುದು ಅಪರೂಪ ಅಂತ ಕಾಲು ಗಂಟೆ ಹೊಗಳಿ, ಪುಸ್ತಕವಿಲ್ಲದ ಲೈಬ್ರೇರಿಗೆ ಲೈಬ್ರೇರಿಯನ್ ಬೇಡವೆಂದು ಕೆಲಸದಿಂದ ತೆಗೆದರು.

ಹಾರ ಹಾಕಿಕೊಂಡೇ ರೈಲು ಹತ್ತಿದ. ಮನೆಯಲ್ಲಿ ಹೆಂಡತಿ ಸರಸ್ವತಮ್ಮ, "ಬಡ್ತಿ ಬಂತೇನ್ರೀ?" ಅಂದಳು. ಅವನು ಹಾರ ತೆಗೆದು ಅವಳ ಕೈಗೆ ಕೊಟ್ಟ.

ಆದರೆ ಹದಿನೈದು ದಿನದ ವಾಯಿದೆಯನ್ನು ಜನ ಮರೆತಿರಲಿಲ್ಲ. ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ಅವನನ್ನು ಹುಡುಕಿಕೊಂಡು ಬಂದು ಪುಸ್ತಕ ಒಪ್ಪಿಸತೊಡಗಿದರು. ಒಪ್ಪಿಸಿದವರು ಬರಿಗೈಲಿ ಹೋಗುತ್ತಿರಲಿಲ್ಲ. "ಇನ್ನೊಂದು ಕೊಡಿ ಸಾಮಿ, ಮನೆ ಬಿಕೋ ಅಂತದೆ" ಅನ್ನುತ್ತಿದ್ದರು. ಅವನು ಅಲ್ಲೇ ಒಂದು ಬೆಂಚು ಹಿಡಿದ. ಪುಸ್ತಕಗಳಿಗೆ ಹೊಗೆ ವಾಸನೆ ಹತ್ತಿತ್ತು, ಅಂಚಿಗೆ ಅರಿಶಿನ, ನಡುವೆ ರಾಗಿ ಹೊಟ್ಟು. ಮೊದಮೊದಲು ಒಂದೊಂದನ್ನೂ ಪಂಚೆಯ ಅಂಚಿನಿಂದ ಒರೆಸಿ ಒರೆಸಿ ಇಡುತ್ತಿದ್ದ. ಆಮೇಲೆ ಒಂದು ದಿನ, ಪುಟ ಅರವತ್ತರಲ್ಲಿ ಯಾರೋ ಗುರುತಿಗೆ ಹುಣಸೆ ಎಲೆ ಇಟ್ಟಿದ್ದು ಕಂಡ. ಅಂದರೆ ಅರವತ್ತು ಪುಟ ಓದಿದ್ದಾರೆ. ಅವನು ಆ ಎಲೆಯನ್ನು ಅಲ್ಲೇ ಬಿಟ್ಟ.

ಪರೀಕ್ಷೆ ಹತ್ತಿರ ಬಂದಾಗ ಕಾಲೇಜಿನ ಹುಡುಗರೂ ಬೆಂಚಿನ ಹತ್ತಿರ ಬಂದರು. ರಸಾಯನಶಾಸ್ತ್ರ ಬೇಕೆಂದರೆ ಲೆಕ್ಕದ ಪುಸ್ತಕ ನೋಡದೆ ಹೇಳುತ್ತಿದ್ದ: "ಬೂದಿಕೋಟೆ ದಾರೀಲಿ ಸೊಣ್ಣಪ್ಪನ ಮನೆ. ಕಣದ ಕೆಲಸ ನಡೀತಿದೆ, ಸ್ವಲ್ಪ ಕೈ ಸೇರ್ಸು, ಕೊಡ್ತಾನೆ." ಯಾರ ಕೈಯನ್ನೂ ಅವನೀಗ ನೋಡುತ್ತಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಶ್ರೀರಾಮಪ್ಪನವರು ಏದುಸಿರು ಬಿಡುತ್ತಾ ಪ್ಲಾಟ್‌ಫಾರಂಗೆ ಬಂದರು. ವಿಶ್ವವಿದ್ಯಾಲಯದ ತಪಾಸಣೆಯವರು ಸೋಮವಾರ ಬರುತ್ತಾರಂತೆ. ಲೈಬ್ರೇರಿಯಲ್ಲಿ ನಾಲ್ಕು ಸಾವಿರ ಪುಸ್ತಕ ಇಲ್ಲದಿದ್ದರೆ ಕಾಲೇಜಿನ ಮಾನ್ಯತೆ ಹೋಗುತ್ತದಂತೆ.

"ಎಲ್ಲಾ ಪುಸ್ತಕ ತರಿಸ್ರಿ."

"ನನ್ನನ್ನ ತೆಗೆದುಹಾಕಿದೀರಲ್ಲ ಸ್ವಾಮಿ."

"ಸೋಮವಾರ ಒಂದು ದಿನದ ಮಟ್ಟಿಗೆ ಸೇರಿಸ್ಕೊಂಡಿದೀನಿ."

ಭಾನುವಾರವೆಲ್ಲ ವೆಂಕಟರಾಮಪ್ಪ ಸೈಕಲ್ ತುಳಿದ. ಸೋಮವಾರ ಬೆಳಗಿನ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನೂರು ಜನ, ತಲೆಯ ಮೇಲೆ, ಬುಟ್ಟಿಯಲ್ಲಿ, ಸೀರೆಯ ಜೋಳಿಗೆಯಲ್ಲಿ ಪುಸ್ತಕ. ಕಾಲೇಜು ಮುಟ್ಟಿದ ಮೇಲೆ ನೋಡಿದರೆ ಇಡಲು ಬೀರು ಇಲ್ಲ. ನೆಲದ ಮೇಲಿಡಲು ಜನ ಒಪ್ಪಲಿಲ್ಲ. ಸರಸ್ವತಿಯನ್ನು ನೆಲಕ್ಕೆ ಹಾಕುವುದುಂಟೇ? ಆರುಮುಗಂ ಹಿಂದೆ ಗಣಿಯ ಶಿಫ್ಟಿಗೆ ಆಳು ನಿಲ್ಲಿಸಿದ ಅನುಭವದವನು. ಚರಿತ್ರೆಯವರನ್ನು ಗೋಡೆಗೆ, ಗಣಿತದವರನ್ನು ಕಿಟಕಿಗೆ, ಕಾವ್ಯದವರನ್ನು ಜಗಲಿಗೆ ಸಾಲಾಗಿ ಕೂರಿಸಿದ. ಜಾಗ ಸಾಲದೆ ಅರ್ಥಶಾಸ್ತ್ರ ಬಯಲಿಗೆ ಹೋಯಿತು.

ತಪಾಸಣೆಯ ಮೂವರು ಪ್ರೊಫೆಸರುಗಳು ಬಾಗಿಲಲ್ಲೇ ನಿಂತರು. ಒಬ್ಬರು ಕನ್ನಡಕ ಒರೆಸಿಕೊಂಡು ಚಿಕ್ಕವೆಂಕಟಮ್ಮನ ಮುಂದೆ ಬಂದು, "ಏನಮ್ಮ ಇದು?" ಎಂದರು.

"ಭೂಮಿ ಒಳಗಿಂದು ಸಾಮಿ. ನನ್ನ ಸೊಸೆ ಓದಿ ಏಳ್ತಾಳೆ. ನೀವು ನಿಂತಿದೀರಲ್ಲ ಆ ಕಲ್ಲು, ಬಲೇ ಅಳೇದಂತೆ. ದೇವ್ರು ದಿಂಡ್ರು ಉಟ್ಟೋಕೆ ಮುಂಚಿಂದು."

ಪ್ರೊಫೆಸರು ಕೆಳಗೆ ನೋಡಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಆಮೇಲೆ ಅಲ್ಲೇ ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ಮಧ್ಯಾಹ್ನದ ಊಟದ ಗಂಟೆ ಹೊಡೆಯುವವರೆಗೂ ಏಳಲಿಲ್ಲ.

ವರದಿ ಬಂತು: ಪುಸ್ತಕಗಳು ಸಮರ್ಪಕ, ಓದುಗರು ಅಗತ್ಯಕ್ಕಿಂತ ಹೆಚ್ಚು, ಪೀಠೋಪಕರಣ ಶೂನ್ಯ. ಬೀರು ಕೊಳ್ಳಬೇಕು, ಲೈಬ್ರೇರಿಯನ್ನನ್ನು ಕೂಡಲೇ ನೇಮಿಸಬೇಕು. ಬಟ್ಟೆ ಅಂಗಡಿಯವನು ಅದೇ ಬೀರುಗಳನ್ನು ಎರಡರಷ್ಟು ಬೆಲೆಗೆ ವಾಪಸ್ಸು ಕೊಟ್ಟ. ವೆಂಕಟರಾಮಪ್ಪ ಮತ್ತೆ ಕೆಲಸಕ್ಕೆ ಬಂದು ಪುಸ್ತಕ ಎಣಿಸಿದ. ನಾಲ್ಕು ಸಾವಿರದ ಮುನ್ನೂರ ಹದಿನೆಂಟು. ಆರು ಹೆಚ್ಚು.

ಒಂದು ಪಂಚಾಂಗ, ಒಂದು ತೆಲುಗು ಭಜನೆ ಪುಸ್ತಕ, ಒಂದು ರೈಲು ವೇಳಾಪಟ್ಟಿ, ಮಕ್ಕಳ ಮೂರು ಪಠ್ಯಪುಸ್ತಕ. ಜನ ತಮ್ಮವನ್ನೂ ಸೇರಿಸಿಬಿಟ್ಟಿದ್ದರು. ಶ್ರೀರಾಮಪ್ಪನವರು ವಿವರಣೆ ಕೇಳಿ ಮೆಮೊ ಕೊಟ್ಟರು. ಅವನು ಬಾಯಿ ತೆರೆಯುವ ಮೊದಲೇ ಅವರ ಮುಖ ಅರಳಿತು. ಗಡಿಯಾರ ತೆಗೆದು ಮೇಜಿನ ಮೇಲಿಟ್ಟರು.

"ಅಂದ್ರೆ, ಹೊರಗೆ ಕಳಿಸಿದ್ರೆ ಮರಿ ಹಾಕ್ತವೆ!"

ಇನ್ನು ಮೇಲೆ ಕಾಲೇಜು ಹೊಸ ಪುಸ್ತಕ ಕೊಳ್ಳುವ ಅಗತ್ಯವಿಲ್ಲ, ಇರುವುದನ್ನೆಲ್ಲ ವರ್ಷಕ್ಕೆ ಮೂರು ಸಲ ಹಳ್ಳಿಗೆ ಮೇಯಲು ಬಿಡತಕ್ಕದ್ದು ಎಂದು ಅಲ್ಲೇ ಆರ್ಡರ್ ಬರೆದರು. ವೆಂಕಟರಾಮಪ್ಪ ರುಜು ಹಾಕಿದ. ಎರಡು ಚೀಲ ತುಂಬಿಕೊಂಡ, ಇನ್ನೆರಡನ್ನು ಆರುಮುಗಂ ಹೊತ್ತ. ಸಂಜೆಯ ರೈಲಿಗೆ ಹೊತ್ತಾಗಿತ್ತು, ಇಬ್ಬರೂ ಉರಿಗಾಂ ಸ್ಟೇಷನ್ ಕಡೆಗೆ ಬಿರಬಿರನೆ ನಡೆದರು.